ಹೆಪ್ಪು ಉಳಿಸಿದ ಕೈ

ಮದುವೆ ಹತ್ತಿರ ಬಂದಾಗ ಮದುಮಗಳಿಗೆ ಅರಿಶಿನ ಹಚ್ಚಿ ಎಳೆಬಿಸಿಲಿನಲ್ಲಿ ಕೂರಿಸುವುದು ತಪ್ಪು ಎಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಹೇಳಬೇಕಾಗಿದ್ದವಳು ಡಾಕ್ಟರ್ ವಸುಮತಿ. ಅವಳು ಮರೆತಿದ್ದಳು.

ಹಾಗಂತ ಅವಳು ಮರೆಗುಳಿ ಹೆಂಗಸೇನಲ್ಲ. ಮೈಸೂರಿನ ತನ್ನ ಪ್ರಯೋಗಾಲಯದಿಂದ ನಂಜನಗೂಡಿನ ಮಂಜರಿಗೆ ಅವಳು ಕೊಟ್ಟಿದ್ದ ಸೂಚನೆಗಳು ಒಂದೆರಡಲ್ಲ. ಕ್ರಿಮಿನಾಶಕ ಸೋಪು ಮುಟ್ಟಬೇಡ, ಈಜುಕೊಳದ ಕ್ಲೋರಿನ್ ನೀರಿಗೆ ಇಳಿಯಬೇಡ, ಸ್ಪಿರಿಟ್ ಬೆರೆತ ಸೆಂಟು ಹಾಕಿಕೊಳ್ಳಬೇಡ, ನಾವು ಕೊಡುವ ಮುಲಾಮನ್ನು ದೇವರೇ ಬಂದು ಕೇಳಿದರೂ ಹಂಚಬೇಡ. ಈ ಕೊನೆಯದನ್ನು ಅವಳು ಪ್ರತಿ ಭೇಟಿಯಲ್ಲೂ ಬೆರಳೆತ್ತಿ ಹೇಳುತ್ತಿದ್ದಳು. ತೊಂದರೆ ಏನೆಂದರೆ, ಈ ಬೇಡಗಳನ್ನೆಲ್ಲ ಅವಳು ಹೊರದೇಶದ ಯಾವುದೋ ಮಾದರಿ ನೋಡಿಕೊಂಡು ಸಿದ್ಧಮಾಡಿದ್ದಳು. ಆ ದೇಶದವರಿಗೆ ಅರಿಶಿನದ ಶಾಸ್ತ್ರ ಎಲ್ಲಿಂದ ಹೊಳೆಯಬೇಕು? ತನ್ನ ಮದುವೆಯಲ್ಲಿ ತಾನೇ ತಲೆಯಿಂದ ಕಾಲಿನವರೆಗೆ ಹಳದಿಯಾಗಿ ಕೂತಿದ್ದ ವಸುಮತಿಗಾದರೂ ಹೊಳೆಯಬೇಕಿತ್ತು. ಓದಿದವರ ಹಣೆಬರಹವೇ ಇಷ್ಟು, ಕಾಲಡಿಯದು ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆ ಮಂಜರಿಯ ಫೋನು ಬಂತು. ದನಿ ಶಾಂತವಾಗಿತ್ತು, ಅಷ್ಟು ಶಾಂತವಾಗಿದ್ದದ್ದೇ ವಸುಮತಿಗೆ ಹೆದರಿಕೆ ಹುಟ್ಟಿಸಿತು.

"ಮೇಡಂ, ನಮ್ ಗಾರೆಯವ್ರು ಕೆಲ್ಸ ನಿಲ್ಲಿಸ್ದಂಗಿದೆ. ಮಣಿಕಟ್ಟಲ್ಲಿ ಬಿರುಕು ಕಾಣ್ತಾ ಇದೆ."

ಗಾರೆಯವರು ಎಂದರೆ ಯಾರು ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಮಂಜರಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರಮ್ಮ. ಜೀವಕೋಶದ ಪಾಠ ಬಂದಾಗ ಅವಳು ಹಲಗೆಯ ಮೇಲೆ ಚಿತ್ರ ಬರೆಯುವ ಮೊದಲು ತನ್ನ ಮುಂಗೈ ತೋರಿಸುತ್ತಿದ್ದಳು. ಚರ್ಮದ ಮೇಲ್ಪದರ ಒಂದು ಗೋಡೆ, ಮಕ್ಕಳೇ. ಜೀವಕೋಶಗಳು ಇಟ್ಟಿಗೆ. ಇಟ್ಟಿಗೆಗಳ ನಡುವೆ ಕೊಬ್ಬಿನ ಗಾರೆ. ಗಾರೆ ಸರಿಯಿದ್ದರೆ ಮೈಯ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಈ ಕೊಬ್ಬು ಜೀವಕೋಶದ ಒಳಗೇ ತಯಾರಾಗುತ್ತದೆ. ಅದನ್ನು ಸಣ್ಣ ಚೀಲಗಳಿಗೆ ತುಂಬಿ ಗೋಡೆಯ ಹತ್ತಿರ ತಂದು ಹೊರಗೆ ಸುರಿಯಬೇಕು. ಚೀಲ ತುಂಬುವುದಕ್ಕೆ ಒಂದು ಪ್ರೋಟೀನು ಇದೆ, ಅದು ಹಮಾಲಿ. ಆ ಹಮಾಲಿಯನ್ನು ಹೇಗೆ ಕಟ್ಟಬೇಕು ಎಂಬ ವಿವರ ಡಿಎನ್‌ಎಯಲ್ಲಿ ಇರುತ್ತದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಒಂದು ಕೆಟ್ಟಿದ್ದರೂ ಇನ್ನೊಂದು ಕೈಹಿಡಿಯುತ್ತದೆ. ನನಗೆ ಎರಡೂ ಕೆಟ್ಟ ಪ್ರತಿಗಳೇ ಬಂದವು, ಯಾಕೆಂದರೆ ನನ್ನ ಅಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಹಾಗಾಗಿ ನನ್ನ ಜೀವಕೋಶಗಳಲ್ಲಿ ಕೊಬ್ಬು ಬೇಕಾದಷ್ಟಿದೆ, ಹೊರಗೆ ಸಾಗಿಸುವ ಹಮಾಲಿ ಇಲ್ಲ.

ಇಷ್ಟು ಹೇಳಿ ಅವಳು ನಗುತ್ತಿದ್ದಳು. ನಗುವುದಕ್ಕೆ ಅವಳಿಗೆ ಬಹಳ ವರ್ಷ ಬೇಕಾಗಿತ್ತು. ಚಿಕ್ಕವಳಿದ್ದಾಗ ಮೈಯೆಲ್ಲ ಒಣಗಿ ಹೆಕ್ಕಳಿಕೆ ಏಳುತ್ತಿತ್ತು, ಬೆರಳ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಶಾಲೆಯ ಹುಡುಗಿಯರು ಕೈ ಹಿಡಿದು ಸುತ್ತುವ ಆಟ ಆಡುವಾಗ ಅವಳ ಪಕ್ಕದವರು ಅವಳ ಲಂಗದ ತುದಿ ಹಿಡಿಯುತ್ತಿದ್ದರು. ಅಂಟುರೋಗವಲ್ಲ ಎಂದು ಅಮ್ಮ ಎಷ್ಟು ಮನೆಗಳಿಗೆ ಹೋಗಿ ಹೇಳಿ ಬರಲು ಸಾಧ್ಯ?

ಅವಳಿಗೆ ಇಪ್ಪತ್ತೈದು ತುಂಬುವ ಹೊತ್ತಿಗೆ ವಸುಮತಿಯ ಪ್ರಯೋಗಾಲಯದಲ್ಲಿ ಒಂದು ಉಪಾಯ ಹುಟ್ಟಿತು. ಹಮಾಲಿಯನ್ನು ರಿಪೇರಿ ಮಾಡುವುದು ಕಷ್ಟ, ಮೈಯ ಕೋಟ್ಯಂತರ ಜೀವಕೋಶಗಳ ಒಳಗೆ ಕೈ ಹಾಕಬೇಕು. ಒಳಗಿನಿಂದ ಬಾರದ ಗಾರೆಯನ್ನು ಹೊರಗಿನಿಂದಲೇ ಮೆತ್ತಿದರೆ? ಎಲ್ಲರ ಚರ್ಮದ ಮೇಲೂ ಬ್ಯಾಕ್ಟೀರಿಯಾ ಬಾಡಿಗೆ ಕೊಡದೆ ಸಂಸಾರ ಮಾಡಿಕೊಂಡೇ ಇವೆ. ಅವುಗಳಲ್ಲಿ ಸಾಧುವಾದ ಒಂದನ್ನು ಆರಿಸಿ, ಕೊಬ್ಬು ತಯಾರಿಸುವ ಜೀನುಗಳನ್ನು ಅದರ ಡಿಎನ್‌ಎಗೆ ಸೇರಿಸಿ, ಚರ್ಮದ ಮೇಲೆ ಬಿಟ್ಟರು. ಊರೆಲ್ಲ ಹರಡದಿರಲಿ ಎಂದು ಒಂದು ಬೀಗವನ್ನೂ ಹಾಕಿದರು. ನಿಸರ್ಗದಲ್ಲಿ ಎಲ್ಲೂ ಸಿಗದ ಒಂದು ಸಕ್ಕರೆ ಇಲ್ಲದೆ ಅವು ಬದುಕುವುದಿಲ್ಲ, ಆ ಸಕ್ಕರೆ ಇರುವುದು ವಸುಮತಿ ಕೊಡುವ ಮುಲಾಮಿನಲ್ಲಿ ಮಾತ್ರ. ಮಂಜರಿಯ ವಿದ್ಯಾರ್ಥಿಗಳು ಈ ಬ್ಯಾಕ್ಟೀರಿಯಾಗಳಿಗೆ ಗಾರೆಯವರು ಎಂದು ಹೆಸರಿಟ್ಟರು. ಪ್ರಯೋಗಾಲಯದಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಗಾರೆಯವರು ಸುಲಭಕ್ಕೆ ಒಗ್ಗಿರಲಿಲ್ಲ. ಮೊದಲ ವರ್ಷವೆಲ್ಲ ಗಂಧೆ, ತುರಿಕೆ, ಸೋಲು. ಹಚ್ಚಿದ್ದು ಸಾಯುವುದು, ಮತ್ತೆ ಹಚ್ಚುವುದು. ತಲೆಮಾರು ತಲೆಮಾರಾಗಿ ಅವುಗಳ ಡಿಎನ್‌ಎ ಚೂರು ಚೂರೇ ಬದಲಾಗುತ್ತಾ, ಮಂಜರಿಯ ಮೈಯ ಬೆವರು ಬಿಸಿಗಳನ್ನು ಕಲಿಯುತ್ತಾ, ಕೊನೆಗೊಮ್ಮೆ ನೆಲೆಯೂರಿದವು. ಆಮೇಲೆ ಮಂಜರಿಯ ಕೈ ಎಲ್ಲರ ಕೈಯ ಹಾಗಾಯಿತು. ಮೊದಲ ಸಲ ಯಾರೋ ಅಪರಿಚಿತ ಹೆಂಗಸು ಬಸ್ಸಿನಲ್ಲಿ ಬೀಳದಿರಲೆಂದು ತನ್ನ ಕೈ ಹಿಡಿದುಕೊಂಡಳು ಎಂದು ಅವಳು ಫೋನು ಮಾಡಿ ಹೇಳಿದ್ದ ದಿನ ವಸುಮತಿ ಪ್ರಯೋಗಾಲಯದಲ್ಲಿ ಎಲ್ಲರಿಗೂ ಮೈಸೂರ್‌ಪಾಕ್ ತರಿಸಿದ್ದಳು.

ಆ ಗಾರೆಯವರು ಈಗ ಸತ್ತಿದ್ದರು.

ವಸುಮತಿ ನಂಜನಗೂಡಿಗೆ ಹೋದಾಗ ಚಪ್ಪರ ಅರ್ಧ ಏರಿತ್ತು. ಮಂಜರಿಯ ಅಜ್ಜಿ ಗಿರಿಜಮ್ಮ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಅರಿಶಿನ ಅರೆದದ್ದೂ ಅವರೇ, ಬಣ್ಣ ಚೆನ್ನಾಗಿ ಹತ್ತಲಿ ಎಂದು ಮೊಮ್ಮಗಳನ್ನು ಬಿಸಿಲಿನಲ್ಲಿ ಕೂರಿಸಿದ್ದೂ ಅವರೇ, ಎರಡು ದಿನ. ಅರಿಶಿನವೊಂದೇ ಆಗಿದ್ದರೆ ಗಾರೆಯವರು ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಅರಿಶಿನದ ಹಳದಿಗೆ ಬೆಳಕು ಬಿದ್ದರೆ ಅದು ಬ್ಯಾಕ್ಟೀರಿಯಾಗಳ ಪಾಲಿಗೆ ವಿಷವಾಗುತ್ತದೆ. ಆಮೇಲೆ ಕಡಲೆಹಿಟ್ಟು, ಸೀಗೆಕಾಯಿ, ಬಿಸಿನೀರು. ಉಳಿದ ಗಾರೆಯವರನ್ನೂ ತಿಕ್ಕಿ ತೊಳೆದಾಗಿತ್ತು. ವಸುಮತಿ ಅಜ್ಜಿಯ ಪಕ್ಕದಲ್ಲಿ ಕೂತು ತಪ್ಪು ನಿಮ್ಮದಲ್ಲ, ಹೇಳದೆ ಬಿಟ್ಟ ನನ್ನದು ಎಂದಳು. ಅಜ್ಜಿ ಅದನ್ನು ಒಪ್ಪಲಿಲ್ಲ. ಡಾಕ್ಟರಿಗೆ ನೂರೆಂಟು ಕೆಲಸ, ತನಗಾದರೂ ಒಂದು ಮಾತು ಕೇಳುವ ಬುದ್ಧಿ ಬರಬಾರದಿತ್ತೇ ಎಂದು ಇನ್ನೊಂದು ಸುತ್ತು ಅತ್ತರು.

ಮಂಜರಿಯ ಮೊಣಕೈಯಿಂದ ಕೆಳಗೆ ಚರ್ಮ ಬಿಗಿದು ಬೂದಿಬಣ್ಣಕ್ಕೆ ತಿರುಗಿತ್ತು. ಮದುವೆ ನಿಲ್ಲುವ ಭಯ ಯಾರಿಗೂ ಇರಲಿಲ್ಲ. ಹುಡುಗ ಸುಮಂತ ರೈಲ್ವೆಯಲ್ಲಿ ಸಿಗ್ನಲ್ ಎಂಜಿನಿಯರು, ಎಲ್ಲ ತಿಳಿದು ಒಪ್ಪಿದವನು. ಸುದ್ದಿ ಕೇಳಿದ ಕೂಡಲೇ ಬಂದು, ಬಾಗಿಲ ಬಳಿ ನಿಂತು, ತನ್ನಿಂದ ಏನಾಗಬೇಕು ಎಂದಷ್ಟೇ ಕೇಳಿದ್ದ. ಮಂಜರಿಗೆ ಇದ್ದ ಆಸೆ ಬಹಳ ಚಿಕ್ಕದು. ಅದನ್ನು ಅವಳು ವಸುಮತಿಗೆ ಮಾತ್ರ ಹೇಳಿದಳು.

"ಧಾರೆ ಟೈಮಲ್ಲಿ ಎಲ್ರೂ ಬಂದು ನಮ್ಮಿಬ್ರ ಕೈ ಮೇಲೆ ಹಾಲು ಬಿಡ್ತಾರಲ್ಲ ಮೇಡಂ. ಆವಾಗ ಯಾರೂ ನನ್ ಕೈ ನೋಡಿ ಮುಖ ತಿರುಗಿಸ್ಬಾರ್ದು. ಅಷ್ಟೇ ನಂಗೆ ಬೇಕಾಗಿದ್ದು."

ವಸುಮತಿ ಕೂಡಲೇ ಕೆಲಸಕ್ಕೆ ಇಳಿದಳು. ಮಂಜರಿಯ ಮೈಯ ಹತ್ತಾರು ಕಡೆಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದಳು. ಜೊತೆಗೆ ಮನೆಯವರೆಲ್ಲರ ಅಂಗೈ. ದಿನಾ ಮುಟ್ಟುವವರ ಮೈಮೇಲೆ ನಾಲ್ಕು ಗಾರೆಯವರಾದರೂ ತಪ್ಪಿಸಿಕೊಂಡು ಕೂತಿದ್ದರೆ ಸಾಕಿತ್ತು. ಸುಮಂತನ ಸರದಿ ಬಂದಾಗ ಮನೆಯ ಹೆಂಗಸರಿಗೆ ಅಷ್ಟು ದುಃಖದಲ್ಲೂ ನಗು ತಡೆಯಲಾಗಲಿಲ್ಲ. ಇವನ ಅಂಗೈಯಲ್ಲಂತೂ ಸಿಕ್ಕೇ ಸಿಗುತ್ತವೆ, ನಿಶ್ಚಿತಾರ್ಥ ಆದಮೇಲೆ ಕಪಿಲೆಯ ದಂಡೆಯಲ್ಲಿ ಇವರಿಬ್ಬರು ನದಿಯನ್ನೇ ನೋಡುತ್ತಿದ್ದರೆಂದು ನಂಬುವವರು ಯಾರು ಎಂದು ಚಿಕ್ಕಮ್ಮ ಕೆಣಕಿದಳು. ಹುಡುಗ ಕಿವಿಯವರೆಗೆ ಕೆಂಪಾಗಿ ಕೈ ಚಾಚಿದ.

ಮರುದಿನ ಪ್ರಯೋಗಾಲಯದಲ್ಲಿ, ಒರೆಸಿ ತಂದದ್ದನ್ನು ಬೆಳೆಯಲು ಇಟ್ಟಿದ್ದ ತಟ್ಟೆಗಳೆಲ್ಲ ಖಾಲಿ. ಮಂಜರಿಯದು ಖಾಲಿ, ಅಮ್ಮನದು ಖಾಲಿ, ಸುಮಂತನದೂ ಖಾಲಿ. ಬೀಗ ಚೆನ್ನಾಗಿ ಕೆಲಸ ಮಾಡಿತ್ತು. ಮುಲಾಮಿಲ್ಲದ ಕೈಗಳಿಗೆ ದಾಟಿದ ಗಾರೆಯವರು ಹಸಿವಿನಿಂದಲೇ ಸತ್ತಿದ್ದರು. ಫಲಿತಾಂಶ ತಿಳಿಸಿದಾಗ ಸುಮಂತ ಫೋನಿನಲ್ಲೇ, ಮೇಡಂ, ಇನ್ನೊಂದು ಸಲ ಸರಿಯಾಗಿ ನೋಡಿ ಎಂದು ಕೇಳಿಕೊಂಡ. ಅವನಿಗೆ ನಿಜಕ್ಕೂ ಬೇಜಾರಾಗಿತ್ತು.

ಶೈತ್ಯಾಗಾರದಲ್ಲಿ ಮೂಲ ಗಾರೆಯವರು ಇದ್ದರು, ಆದರೆ ಮಂಜರಿಯ ಮೈ ಅರಿಯದವರು. ಅವರನ್ನು ಬಿಟ್ಟರೆ ಮತ್ತೆ ಒಂದು ವರ್ಷದ ಗಂಧೆ ತುರಿಕೆ. ಒಗ್ಗಿದ ಗಾರೆಯವರ ಡಿಎನ್‌ಎಯನ್ನು ಓದಿ ಇಟ್ಟಿದ್ದರು, ಆದರೆ ಓದುವುದಕ್ಕಾಗಿ ಪ್ರತಿ ಸಲವೂ ಅವುಗಳನ್ನು ಒಡೆದುಹಾಕಿದ್ದರು. ಒಂದಿಷ್ಟನ್ನು ಜೀವಂತವಾಗಿ ಎತ್ತಿಡಬೇಕೆಂದು ಯಾರಿಗೂ ತೋಚಿರಲಿಲ್ಲ, ಮಂಜರಿಯ ಮೈಮೇಲೆ ಬೇಕಾದಷ್ಟು ಇದ್ದವಲ್ಲ! ಓದಿದ್ದನ್ನು ನೋಡಿಕೊಂಡು ಹೊಸದಾಗಿ ಕಟ್ಟಬಹುದು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಮದುವೆ ಭಾನುವಾರ.

ಆ ಸಂಜೆ ವಸುಮತಿ ಮನೆಗೆ ಬಂದು ಹಾಲು ಕಾಯಿಸಿ ಆರಿಸಿ, ಹೆಪ್ಪು ಹಾಕಲು ಮೊಸರಿನ ಪಾತ್ರೆ ತೆಗೆದರೆ ಪಾತ್ರೆ ಥಳಥಳ ಹೊಳೆಯುತ್ತಿತ್ತು. ಕಾಲೇಜಿನಲ್ಲಿ ಲೆಕ್ಕ ಕಲಿಸುವ ಗಂಡ ಮುರಳೀಧರ ಮಧ್ಯಾಹ್ನದ ಅನ್ನಕ್ಕೆ ಪಾತ್ರೆಯನ್ನು ಬಳಿದು ಹಾಕಿಕೊಂಡು, ಒಳ್ಳೆಯ ಗಂಡನಂತೆ ತೊಳೆದೂ ಇಟ್ಟಿದ್ದ. ಬೇರೆ ದಿನವಾಗಿದ್ದರೆ ಅವಳು ರೇಗುತ್ತಿದ್ದಳು. ಅವತ್ತು ಅವನ ಮುಂದೆ ಕೂತು ಅತ್ತುಬಿಟ್ಟಳು. ಒಂದು ಚಮಚ ಮೊಸರಿಗೆ ಇಷ್ಟು ಅಳುವುದೇ ಎಂದು ಗಾಬರಿಯಾದ ಮುರಳೀಧರ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಿದ. ಬಟ್ಟಲಿನ ಜೊತೆ ಪಕ್ಕದ ಮನೆಯ ಸರಸಮ್ಮನೇ ಬಂದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಪದ್ಧತಿ ಇಲ್ಲ ಎಂದು ಮೊದಲು ಗೊಣಗಿದರು, ಆಮೇಲೆ ಕೊಟ್ಟರು.

"ಕೊಡ್ದೆ ಏನ್ಮಾಡ್ಲಿ, ಇದು ನಿಮ್ದೇ ಹೆಪ್ಪಲ್ವಾ. ಮಳೆಗಾಲದಲ್ಲಿ ನಮ್ದು ಲೋಳೆ ಲೋಳೆ ಆದಾಗ ನಿಮ್ಮಲ್ಲಿಂದ ತಾನೇ ಇಸ್ಕೊಂಡೋಗಿದ್ದು."

ವಸುಮತಿ ಬಟ್ಟಲನ್ನೇ ನೋಡುತ್ತಾ ನಿಂತಳು. ತನ್ನ ಮನೆಯಲ್ಲಿ ಮುಗಿದದ್ದು ಪಕ್ಕದ ಮನೆಯಲ್ಲಿ ಉಳಿದಿತ್ತು, ಯಾಕೆಂದರೆ ತಾನು ಒಂದು ದಿನ ಅದನ್ನು ಕೊಟ್ಟಿದ್ದಳು, ಅವರು ದಿನಾ ಹಾಲೆರೆದು ಅದನ್ನು ಸಾಕಿದ್ದರು. ಮುಟ್ಟಿದರೆ ಮಾತ್ರ ಸಾಲದು, ಮುಲಾಮೂ ಬೇಕು. ಮಂಜರಿ ಯಾರಿಗಾದರೂ ಎರಡನ್ನೂ ಕೊಟ್ಟಿದ್ದಾಳೆಯೇ? ದೇವರೇ ಬಂದು ಕೇಳಿದರೂ ಕೊಡಬೇಡ ಎಂದು ಬೆರಳೆತ್ತಿ ಹೇಳಿದವಳು ಈಗ, ಅವಳು ನನ್ನ ಮಾತು ಮೀರಿರಲಪ್ಪಾ ಎಂದು ಅದೇ ದೇವರಿಗೆ ಮೊರೆಯಿಟ್ಟು ಫೋನು ಎತ್ತಿಕೊಂಡಳು.

ಮುಲಾಮನ್ನು ಯಾರಿಗಾದರೂ ಕೊಟ್ಟಿದ್ದೀಯಾ ಎಂದು ನೇರವಾಗಿ ಕೇಳಿದಳು.

"ಬೈಯಲ್ಲ ಅಂದ್ರೆ ಹೇಳ್ತೀನಿ ಮೇಡಂ," ಎಂದಳು ಮಂಜರಿ.

"ಬೈಯಲ್ಲ. ಹೇಳಮ್ಮ."

"ಬಳೆ ರಂಗಮ್ಮಂಗೆ ಕೊಡ್ತೀನಿ. ಪ್ರತಿ ಸಲ ಡಬ್ಬಿ ಬಂದಾಗ್ಲೂ ಅರ್ಧ."

ಆಮೇಲೆ ಅವಳು ಹೇಳಿದ್ದಿಷ್ಟು. ರಂಗನಾಯಕಮ್ಮ ಮನೆಮನೆಗೆ ಬುಟ್ಟಿ ಹೊತ್ತು ಬಳೆ ತೊಡಿಸುವವಳು. ಚಿಕ್ಕಂದಿನಲ್ಲಿ ಬೇರೆ ಬಳೆಗಾರರು ಮಂಜರಿಯ ಕೈ ಕಂಡರೆ ಬಳೆಗಳನ್ನು ಅಮ್ಮನ ಕೈಗೆ ಕೊಟ್ಟು, ನೀವೇ ತೊಡಿಸಿ ತಾಯಿ ಎಂದು ಜಾರಿಕೊಳ್ಳುತ್ತಿದ್ದರು. ಬಿರುಕುಬಿಟ್ಟ ಕೈಗೆ ಅಮ್ಮ ತೊಡಿಸಿದರೆ ಬಳೆ ಒಡೆದು ಚುಚ್ಚುತ್ತಿತ್ತು. ರಂಗಮ್ಮ ಮಾತ್ರ ಜಗುಲಿಯ ಮೇಲೆ ಕೂತು, ಕೊಬ್ಬರಿ ಎಣ್ಣೆ ಹಚ್ಚಿ, ಆ ಪುಟ್ಟ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಚರ್ಮ ಮೆತ್ತಗಾಗುವವರೆಗೆ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಮನೆಯವರನ್ನು ಬಿಟ್ಟರೆ ಮಂಜರಿಯ ಕೈ ಹಿಡಿದವಳು ಬಹಳ ವರ್ಷಗಳ ತನಕ ಅವಳೊಬ್ಬಳೇ. ಗಾರೆಯವರು ಒಗ್ಗಿ ಮಂಜರಿಯ ಕೈ ನುಣುಪಾದ ಮೇಲೆ ನೋಡಿದರೆ, ಸೋಪಿನ ನೀರು ಗಾಜು ಎಂದು ದುಡಿದು ದುಡಿದು ರಂಗಮ್ಮನ ಅಂಗೈಯೇ ಸೀಳಿತ್ತು. ತನಗೆ ಹಿತವಾದದ್ದನ್ನು ಅವಳಿಗೆ ಕೊಡದೆ ಇರಲು ಮಂಜರಿಯಿಂದ ಆಗಲಿಲ್ಲ. ಬಳೆಶಾಸ್ತ್ರಕ್ಕೂ ಅವಳೇ ಬಂದು ತೊಡಿಸಿ ಹೋಗಿದ್ದಳು, ಅರಿಶಿನಕ್ಕೆ ಮುಂಚೆ.

ಬೆಳಿಗ್ಗೆ ಮೊದಲ ರೈಲಿಗೇ ವಸುಮತಿ ಹೊರಟಳು. ರಂಗಮ್ಮ ಡಾಕ್ಟರನ್ನು ಕಂಡು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಮದುಮಗಳ ಚರ್ಮ ಮತ್ತೆ ಒಡೆದ ಸುದ್ದಿ ಅವಳಿಗೆ ಮುಟ್ಟಿತ್ತು.

"ನನ್ ಕೈಯಿಂದ ಏನಾರ ಆಯ್ತಾ ಮಗೀಗೆ? ಹಂಗಿದ್ರೆ ಹೇಳ್ಬುಡಿ ಡಾಕ್ಟ್ರಮ್ಮ, ಇವತ್ತಿಂದ್ಲೇ ಬುಟ್ಟಿ ಇಳಿಸ್ಬುಡ್ತೀನಿ."

ನಿನ್ನ ಕೈಯಿಂದ ಆಗಬೇಕಾದದ್ದು ಇನ್ನು ಮುಂದಿದೆ ಎಂದು ವಸುಮತಿ ಅವಳನ್ನು ಸಮಾಧಾನ ಮಾಡಿ, ಹತ್ತಿಕಡ್ಡಿಯಿಂದ ಅಂಗೈ ಒರೆಸಿದಳು. ಆ ಅಂಗೈ ಎಷ್ಟು ನುಣುಪಾಗಿತ್ತೆಂದರೆ, ಪರೀಕ್ಷೆಗೆ ಮೊದಲೇ ವಸುಮತಿಗೆ ಉತ್ತರ ಗೊತ್ತಾಗಿಹೋಯಿತು. ಆದರೂ ವಿಜ್ಞಾನಿಗೆ ಕಾಯುವ ಹಣೆಬರಹ ತಪ್ಪುವುದಿಲ್ಲ. ತಟ್ಟೆಯ ತುಂಬ ಬೆಳ್ಳಗೆ, ದುಂಡದುಂಡಗೆ ಗಾರೆಯವರು ಎದ್ದರು. ಡಿಎನ್‌ಎ ಓದಿ ನೋಡಿದರೆ ಮಂಜರಿಯ ಮೈಯಲ್ಲಿ ಪಳಗಿದವರೇ. ರಂಗಮ್ಮನ ಕೈಯಲ್ಲಿ ಬೇರೆ ಯಾವ ಕೆಟ್ಟ ಕ್ರಿಮಿಯೂ ಇಲ್ಲವೆಂದು ಖಚಿತ ಮಾಡಿಕೊಂಡಳು. ಅವಳು ಬಳೆ ತೊಡಿಸಿದ ಬೇರೆ ಹೆಂಗಸರ ಕೈಗಳನ್ನೂ ನೋಡಿದಳು, ಮುಲಾಮಿಲ್ಲದ ಆ ಕೈಗಳಲ್ಲಿ ಒಬ್ಬನೇ ಒಬ್ಬ ಗಾರೆಯವನಿಲ್ಲ. ಬೀಗ ಬೀಗವಾಗಿಯೇ ಇತ್ತು, ಒಬ್ಬಳಿಗೆ ಮಾತ್ರ ಮಂಜರಿ ಬೀಗದಕೈ ಕೊಟ್ಟಿದ್ದಳು. ಮೇಲಿನವರ ಒಪ್ಪಿಗೆ ಕೇಳುವಾಗ ವಸುಮತಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಸಾಕಷ್ಟು ಬೈದು, ಆಮೇಲೆ ಒಪ್ಪಿದರು.

ಗುರುವಾರ ಮಧ್ಯಾಹ್ನ ಇಳಿಹೊತ್ತಿಗೆ ಎಲ್ಲರೂ ಮಂಜರಿಯ ಮನೆಯಲ್ಲಿ ಸೇರಿದರು. ತಟ್ಟೆಯಿಂದ ತೆಗೆದ ಗಾರೆಯವರನ್ನು ಮುಲಾಮಿನಲ್ಲಿ ಕಲಸಿ ವಸುಮತಿ ತಂದಿದ್ದಳು, ಆದರೆ ಅದು ಭುಜ ಬೆನ್ನಿಗೆ ಸಾಲುವಷ್ಟೇ ಇತ್ತು. ಮುಂಗೈಗೆ ರಂಗಮ್ಮನ ಅಂಗೈಯೇ ಆಗಬೇಕು. ಗಿರಿಜಮ್ಮ ಅಜ್ಜಿ ಗಡಿಯಾರದ ಕಡೆಗಲ್ಲ, ಬಾಗಿಲಾಚೆಯ ಬಿಸಿಲಿನ ಕಡೆಗೆ ನೋಡುತ್ತಾ ಕೂತಿದ್ದರು.

"ಬೇಗ ಆಗ್ಲಿ ರಂಗಮ್ಮ. ಹೆಪ್ಪು ಕೊಡೋದು ಅಂದ್ಮೇಲೆ ದೀಪ ಹಚ್ಚೋಕ್ ಮುಂಚೇನೇ ಕೊಡ್ಬೇಕು."

ವಸುಮತಿ ತನ್ನ ಮನೆಯ ಕಥೆಯನ್ನು ಹೇಳಿದ್ದೇ ತಪ್ಪಾಯಿತು. ಬ್ಯಾಕ್ಟೀರಿಯಾಕ್ಕೆ ದೀಪದ ಹಂಗಿಲ್ಲ ಎನ್ನಲು ಬಾಯಿ ತೆರೆದವಳು ಅರಿಶಿನ ನೆನಪಾಗಿ ಮುಚ್ಚಿಕೊಂಡಳು.

ರಂಗಮ್ಮ ಜಗುಲಿಯ ಮೇಲೆ ಕಾಲು ಮಡಿಸಿ ಕೂತು ಮಂಜರಿಯ ಬಲಗೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಬಳೆ ತೊಡಿಸುವವಳ ಹಾಗೆಯೇ ಐದೂ ಬೆರಳುಗಳನ್ನು ಒಟ್ಟು ಮಾಡಿ, ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ, ಮಣಿಕಟ್ಟಿನಿಂದ ಮೇಲಕ್ಕೆ ನೀವಿದಳು. ನೀವುತ್ತಾ ನೀವುತ್ತಾ ಅಭ್ಯಾಸಬಲದಿಂದ ಯಾರ ಮನೆಯಲ್ಲಿ ಯಾರಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎಂಬುದನ್ನೆಲ್ಲ ಹೇಳತೊಡಗಿದಳು. ಮಂಜರಿ ಕೇಳುತ್ತಾ ನಗುತ್ತಿದ್ದಳು, ನಗುತ್ತಲೇ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅವಳಿಗೆ ತಾನು ಮತ್ತೆ ಎಂಟು ವರ್ಷದವಳಾದ ಹಾಗೆ ಅನಿಸಿತ್ತು ಎಂದು ಆಮೇಲೆ ಹೇಳಿದಳು. ಆದರೆ ಆಗಿನ ದುಃಖ ಮಾತ್ರ ಇರಲಿಲ್ಲವಂತೆ.

ಶನಿವಾರದ ಹೊತ್ತಿಗೆ ಬೂದಿಬಣ್ಣ ಹೋಗಿತ್ತು. ಪೂರ್ತಿ ನುಣುಪೇನಲ್ಲ, ಮೊಣಕೈ ಇನ್ನೂ ಒರಟಾಗಿತ್ತು. ಮುಂಗೈ ಮಾತ್ರ ಹಸನಾಗಿತ್ತು.

ಭಾನುವಾರ ಧಾರೆಯ ಹೊತ್ತಿಗೆ ಮಂಜರಿಯ ಕೈಯೂ ಸುಮಂತನ ಕೈಯೂ ತೆಂಗಿನಕಾಯಿಯ ಮೇಲೆ ಒಂದಾಗಿ ಕೂತವು. ನೆಂಟರು ಸಾಲಾಗಿ ಬಂದು ಹಾಲೆರೆದರು. ಯಾರೂ ಮುಖ ತಿರುಗಿಸಲಿಲ್ಲ. ಹಲವರು ಕೈಯನ್ನು ನೋಡಲೂ ಇಲ್ಲ, ಫೋಟೋದವನ ಕಡೆ ನೋಡುತ್ತಿದ್ದರು. ಮಂಜರಿ ಬೇಡಿಕೊಂಡಿದ್ದೂ ಅದನ್ನೇ. ಸಾಲು ಮುಗಿಯುತ್ತ ಬಂದಾಗ ಅವಳು ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅಮ್ಮ ಹೋಗಿ, ಛತ್ರದ ಹಿಂದಿನ ಕಂಬಕ್ಕೆ ಒರಗಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ರಂಗಮ್ಮನನ್ನು ಕರೆತಂದಳು. ಒಲ್ಲೆ ಒಲ್ಲೆ ಎನ್ನುತ್ತಲೇ ರಂಗಮ್ಮ ಸೆರಗು ಸರಿಮಾಡಿಕೊಂಡು ಹಾಲಿನ ಬಟ್ಟಲು ಹಿಡಿದಳು. ಸಂಕೋಚದ ಅವಸರದಲ್ಲಿ ಅರ್ಧ ಹಾಲು ಸುಮಂತನ ಪಂಚೆಯ ಮೇಲೆ ಚೆಲ್ಲಿತು. ಉಳಿದರ್ಧ ಸರಿಯಾದ ಜಾಗಕ್ಕೆ ಬಿತ್ತು. ವಸುಮತಿ ಮುಂದಿನ ಸಾಲಿನಲ್ಲಿ ಕೂತು, ಗಂಡನ ಕರವಸ್ತ್ರ ಕಸಿದುಕೊಂಡು, ನಾಚಿಕೆಯಿಲ್ಲದೆ ಅತ್ತಳು.

ಈಗ ಪ್ರಯೋಗಾಲಯದ ಶೈತ್ಯಾಗಾರದಲ್ಲಿ ಪಳಗಿದ ಗಾರೆಯವರು ಜೀವಂತವಾಗಿ ಮಲಗಿದ್ದಾರೆ. ಸೂಚನೆಗಳಲ್ಲಿ ಅರಿಶಿನ ಎಲ್ಲಕ್ಕಿಂತ ಮೇಲೆ ಸೇರಿದೆ. ರಂಗಮ್ಮನ ಹೆಸರಿನಲ್ಲೇ ಒಂದು ಡಬ್ಬಿ ಮುಲಾಮು ನಂಜನಗೂಡಿಗೆ ಹೋಗುತ್ತದೆ. ಮಿಕ್ಕ ಯಾರಿಗೂ ಹಂಚಬಾರದು ಎಂಬ ನಿಯಮ ಮಾತ್ರ ಹಾಗೇ ಇದೆ, ವಸುಮತಿ ಈಗಲೂ ಬೆರಳೆತ್ತಿಯೇ ಹೇಳುತ್ತಾಳೆ.

ಮದುವೆಯಾಗಿ ತಿಂಗಳಿಗೆ ಮಂಜರಿ ತಪಾಸಣೆಗೆ ಬಂದಳು, ಜೊತೆಗೆ ಸುಮಂತ. ಅವಳ ಕೈ ನೋಡಿ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಅವನು ಅಂಗಿಯ ತೋಳು ಮಡಿಸಿ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಮಂಜರಿ ತಟ್ಟನೆ ಕಿಟಕಿಯ ಆಚೆ ಏನೋ ನೋಡತೊಡಗಿದಳು.

"ಈಗೊಂದ್ ಸಲ ನೋಡಿ ಮೇಡಂ," ಎಂದ.

ವಸುಮತಿ ಒಬ್ಬರ ಮುಖವನ್ನು ನೋಡಿದಳು, ಇನ್ನೊಬ್ಬರ ಮುಖವನ್ನು ನೋಡಿದಳು. ಮುಲಾಮು ಹಂಚಿದ್ದಕ್ಕೆ ಬೈಯಬೇಕಾಗಿತ್ತು. ಹತ್ತಿಕಡ್ಡಿ ತೆಗೆದು ಅವನ ಅಂಗೈ ಒರೆಸಿದಳು. ಮರುದಿನ ತಟ್ಟೆಯ ತುಂಬ ಬೆಳ್ಳಗೆ, ದುಂಡದುಂಡಗೆ ಗಾರೆಯವರು ಎದ್ದು ಕೂತಿದ್ದರು.